ಒವನ್ ಇಲ್ಲದ ಮನೆಯಲ್ಲಿ ಕೋಳಿ–ಪಾಸ್ತಾ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಗೋವೆಯ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನುಗಳು ಮೊಟ್ಟೆಯಿಡುವ ಕಾಲವದು; ಕಡಲೂ ಕೆರಳಿರುತ್ತದೆ. ವಾಸ್ಕೋದ ಖಾರಿವಾಡೆ ಜೆಟ್ಟಿಯಲ್ಲಿ ದೋಣಿಗಳು ತಾಡಪತ್ರೆ ಹೊದ್ದು ನಿಂತೊಡನೆ ಪೇಟೆಯ ಮೀನಿನ ಬುಟ್ಟಿಗಳು ಹಗುರಾಗುತ್ತವೆ, ಬೆಲೆ ಮಾತ್ರ ಭಾರವಾಗುತ್ತದೆ. ವಾರಕ್ಕೆ ಮೂರು ದಿನ ಬಂಗಡೆಯನ್ನೋ ತಾರಲೆಯನ್ನೋ ಕಾಣುತ್ತಿದ್ದ ಬಾಯ್ನಾದ ತಟ್ಟೆಗಳಲ್ಲಿ ಆ ಎರಡು ತಿಂಗಳು ಕೋಳಿಯದೇ ಕಾರುಬಾರು. ಒಂದೇ ಬಗೆಯ ಸಾರು, ಒಂದೇ ಬಗೆಯ ಸುಕ್ಕಾ ತಿಂದು ಮಕ್ಕಳು ಬೇಸರಪಡುವುದೂ ಅದೇ ಕಾಲದಲ್ಲಿ.

ಮಳೆಯಲ್ಲಿ ನೆನೆದು ಶಾಲೆಯಿಂದ ಮರಳಿದ ಮಗುವಿಗೆ ಬಿಸಿಯಾದುದೇನಾದರೂ ಬೇಕು. ಗೆಳೆಯನ ಹುಟ್ಟುಹಬ್ಬದಲ್ಲಿ ತಿಂದದ್ದು, ಪಕ್ಕದ ಮನೆಯ ಕ್ರಿಸ್‌ಮಸ್ ಊಟದಲ್ಲಿ ರುಚಿ ನೋಡಿದ್ದು, ಮೊಬೈಲಿನ ಪರದೆಯಲ್ಲಿ ಕಂಡದ್ದು ಅದರ ಮನಸ್ಸಿನಲ್ಲಿ ಉಳಿದಿರುತ್ತದೆ. ಮೇಲೆ ಹೊಂಬಣ್ಣದ ಗರಿಗರಿ ಪದರ, ಒಳಗೆ ಹಾಲಿನ ಗಟ್ಟಿ ರಸದಲ್ಲಿ ಮುಳುಗಿದ ಪಾಸ್ತಾ, ನಡುನಡುವೆ ಕೋಳಿಯ ಎಳೆಗಳು. “ಅವ್ವಾ, ಅದನ್ನ ನಮ್ಮನ್ಯಾಗೂ ಮಾಡು” ಎಂಬ ಕೋರಿಕೆ ಹುಟ್ಟುವುದು ಹೀಗೆ.

ಆ ಕೋರಿಕೆಯ ಎದುರಿಗೆ ತಾಯಿ ಹಿಂಜರಿಯುವುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ಮನೆಯಲ್ಲಿ ಒವನ್ ಇಲ್ಲ. ಎರಡನೆಯದು, ಪೊಟ್ಟಣದ ಬೆನ್ನಿನ ಮೇಲಿನ ವಿಧಾನ ಇಂಗ್ಲಿಷಿನಲ್ಲಿದೆ. ಮೂರನೆಯದೇ ದೊಡ್ಡದು: ಮುಕ್ಕಾಲು ಕಿಲೋ ಕೋಳಿ, ಅರ್ಧ ಲೀಟರ್ ಹಾಲು, ಬೆಣ್ಣೆ, ಚೀಸ್ ಎಲ್ಲವೂ ಒಂದೇ ಪಾತ್ರೆಗೆ ಹೋಗುತ್ತವೆ. ಕೆಟ್ಟರೆ ಅಂದಿನ ರಾತ್ರಿ ಐದು ಜನರಿಗೆ ಊಟವಿಲ್ಲ. ದಿನಗೂಲಿಯ ಮನೆಯಲ್ಲಿ ಅಡುಗೆಯ ಪ್ರಯೋಗ ಎಂಬುದು ಅಷ್ಟು ಸುಲಭದ ಮಾತಲ್ಲ. ಆದುದರಿಂದ ಈ ಅಡುಗೆಯನ್ನು ಹಂತ ಹಂತವಾಗಿ, ಪ್ರತಿ ಹಂತದ ಕಾರಣಸಹಿತ ತಿಳಿದುಕೊಳ್ಳುವುದು ಒಳಿತು. ಕಾರಣ ಗೊತ್ತಿದ್ದ ಅಡುಗೆ ಕೆಡುವುದು ಕಡಿಮೆ. ಕೆಟ್ಟರೂ ತಿದ್ದಿಕೊಳ್ಳಲು ಬರುತ್ತದೆ.

ಹೆಸರು ಹೊಸದು, ನಂಟು ಹಳೆಯದು

ಇಂಗ್ಲಿಷಿನಲ್ಲಿ ಈ ತಿನಿಸಿಗೆ ಕ್ಯಾಸರೋಲ್ ಎನ್ನುತ್ತಾರೆ. ಮಾತು ಫ್ರೆಂಚ್ ಭಾಷೆಯದು. ಮೂಲದಲ್ಲಿ ಅಡುಗೆಯ ಪಾತ್ರೆಯೊಂದರ ಹೆಸರು. ಯಾವ ಪಾತ್ರೆಯಲ್ಲಿ ಬೇಯುತ್ತದೆಯೋ ಅದೇ ಪಾತ್ರೆಯಲ್ಲಿ ಬಡಿಸುವ ಊಟಕ್ಕೂ ಮುಂದೆ ಅದೇ ಹೆಸರು ನಿಂತಿತು. ನಮ್ಮ ಮನೆಗಳಲ್ಲಿ ಕ್ಯಾಸರೋಲ್ ಎಂದರೆ ಚಪಾತಿ, ರೊಟ್ಟಿ ಬಿಸಿಯಾಗಿಡುವ ಡಬ್ಬಿ. ಹೆಸರು ಒಂದೇ ಎಂದು ಅದನ್ನು ಒಲೆಯ ಮೇಲೆ ಇಟ್ಟೀರಿ. ಹೊರಗಿನ ಪ್ಲಾಸ್ಟಿಕ್ ಕರಗಿಹೋದೀತು. ಇಲ್ಲಿ ಬೇಕಾದುದು ದಪ್ಪ ತಳದ ಲೋಹದ ಪಾತ್ರೆ.

ಪಾಸ್ತಾ ಪರದೇಶದ್ದಾದರೂ ಅದರ ಬಂಧುಗಳು ಬಿಜಾಪುರ, ಬಾಗಲಕೋಟೆ, ಗದಗ, ಧಾರವಾಡ ಸೀಮೆಯ ಮನೆಗಳಲ್ಲಿ ಬಹುಕಾಲದಿಂದ ಇದ್ದಾರೆ. ಬೇಸಿಗೆಯಲ್ಲಿ ಹೊಸೆದು, ಬಿಸಿಲಿಗೆ ಒಣಗಿಸಿ, ಮಳೆಗಾಲಕ್ಕೆಂದು ಡಬ್ಬಿ ತುಂಬಿಡುವ ಶಾವಿಗೆ ಇದೆ. ಬೆರಳ ತುದಿಯಲ್ಲಿ ಹೊರಳಿಸಿ ಮಾಡುವ ಗವಲಿ, ಪರಡಿಗಳಿವೆ. ಗೋಧಿಯ ಕಣಕವನ್ನು ಒಂದು ಆಕಾರಕ್ಕೆ ತಂದು, ಒಣಗಿಸಿ, ಬೇಕಾದಾಗ ಕುದಿಸಿ ಬಸಿಯುವ ವಿದ್ಯೆಯೇ ಪಾಸ್ತಾ. ಬಸಿದ ಶಾವಿಗೆಗೆ ಹಾಲು, ಬೆಲ್ಲ, ತುಪ್ಪ ಹಾಕಿ ಬಡಿಸಿದ ಕೈಗೆ ಬಸಿದ ಪಾಸ್ತಾ ಅಪರಿಚಿತವಲ್ಲ.

ಧಾನ್ಯದ ನಂಟು ಇನ್ನೂ ಹತ್ತಿರದ್ದು. ಒಳ್ಳೆಯ ಪಾಸ್ತಾ ತಯಾರಾಗುವುದು ಡ್ಯೂರಂ ಎಂಬ ಗಟ್ಟಿ ಗೋಧಿಯ ರವೆಯಿಂದ. ಉಪ್ಪಿಟ್ಟಿಗೆ ಬಳಸುವ ಹಳದಿ ಛಾಯೆಯ ಬನ್ಸಿ ರವೆ ಅದೇ ಗೋಧಿಯದು. ಉತ್ತರ ಕರ್ನಾಟಕದಲ್ಲಿ ಶಾವಿಗೆಗೂ ಮಾದಲಿಗೂ ಮೆಚ್ಚಿನದಾದ ಜವೆಗೋಧಿ, ಅಂದರೆ ಸದಕ, ಈ ಡ್ಯೂರಂ ಗೋಧಿಯ ಪೂರ್ವಜರ ಸಾಲಿನದು. ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವಾಗ ಸಾಮಗ್ರಿಗಳ ಸಾಲಿನಲ್ಲಿ ಡ್ಯೂರಂ ಗೋಧಿಯ ರವೆ ಎಂದಿದೆಯೇ ನೋಡಬೇಕು. ಇಂಗ್ಲಿಷ್ ಓದಬಲ್ಲ ಮಗನಿಗೋ ಮಗಳಿಗೋ ಆ ಕೆಲಸ ಒಪ್ಪಿಸಬಹುದು. ಬರಿಯ ಮೈದಾದಿಂದ ಮಾಡಿದ ಅಗ್ಗದ ಪಾಸ್ತಾ ಎರಡು ಸಲ ಬೇಯುವ ಈ ಅಡುಗೆಯಲ್ಲಿ ಮುದ್ದೆಯಾಗುತ್ತದೆ. ಆಕಾರ ಕೊಳವೆಯದಿರಲಿ, ಶಂಖದ್ದಿರಲಿ, ಸುರುಳಿಯದಿರಲಿ. ರಸವನ್ನು ಒಳಗೆ ಹಿಡಿದುಕೊಳ್ಳುವಂಥದಾದರೆ ಸಾಕು.

ಭಟ್ಟಿಯ ನಾಡು, ಭಟ್ಟಿಯಿಲ್ಲದ ಮನೆ

ಒಣ ಬಿಸಿಯಲ್ಲಿ ಸುಡುವ ವಿದ್ಯೆ ಗೋವೆಗೆ ಹೊಸದಲ್ಲ. ಪೋರ್ಚುಗೀಸರು 1510ರಲ್ಲಿ ಇಲ್ಲಿ ನೆಲೆಯೂರಿದ ಬಳಿಕ ಅವರ ರೊಟ್ಟಿಯೂ ನೆಲೆಯೂರಿತು. ಹುದುಗಿಸಲು ಯೀಸ್ಟ್ ಸಿಗದಾಗ ತೆಂಗಿನ ಶೇಂದಿಯನ್ನು ಬಳಸಿದ್ದು ಈ ಮಣ್ಣಿನ ಜಾಣ್ಮೆ. ಇಂದಿಗೂ ಬೆಳಗಿನಲ್ಲಿ, ಸಂಜೆಯಲ್ಲಿ ಪೊದೆರನ ಸೈಕಲ್ಲಿನ ಹಾರ್ನ್ ಕೇಳಿದರೆ ಓಣಿಯ ಬಾಗಿಲುಗಳು ತೆರೆಯುತ್ತವೆ. ಬುಟ್ಟಿಯಲ್ಲಿ ಪಾಂವ್, ಗಟ್ಟಿ ಸಿಪ್ಪೆಯ ಉಂಡೊ, ತವುಡು ಹಚ್ಚಿದ ಪೊಯಿ, ಬಳೆಯಾಕಾರದ ಕಾಂಕಣ. ಇಂದಿನ ಭಟ್ಟಿಗಳಲ್ಲಿ ಹಿಟ್ಟು ನಾದುವ ಕೈಗಳಲ್ಲಿ ಕರ್ನಾಟಕದಿಂದ ಬಂದವರ ಕೈಗಳೂ ಇವೆ. ಗೋವೆಯ ಹೆಸರುವಾಸಿ ಸಿಹಿಯಾದ ಬೆಬಿಂಕಾ ಸಹ ಒಂದೊಂದೇ ಪದರವಾಗಿ, ಮೇಲಿನಿಂದ ಬರುವ ಕೆಂಡದ ಕಾವಿನಲ್ಲಿ ಸುಟ್ಟು ಸಿದ್ಧವಾಗುತ್ತಿತ್ತು. ಅದಕ್ಕೆ ಬೇಕಾದದ್ದು ಒಂದು ಪಾತ್ರೆ, ಒಂದು ಮುಚ್ಚಳ, ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಕೆಂಡ. ವಿದ್ಯುತ್ ಒವನ್ ಅಲ್ಲ.

ಬಂದರಿನ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ, ಝುವಾರಿನಗರದ ಕಾರ್ಖಾನೆಗಳ ಕೆಲಸಕ್ಕೆ ಲೋಂಡಾ ದಾರಿಯ ರೈಲು ಹಿಡಿದು ಬಂದ ಕುಟುಂಬಗಳು ಬಾಯ್ನಾದಲ್ಲಿ, ಮಾಂಗೋರ ಗುಡ್ಡದಲ್ಲಿ ನೆಲೆಸಿದಾಗ ಜೊತೆಗೆ ತಂದದ್ದು ರೊಟ್ಟಿಯ ಹಂಚು, ಒರಳು, ಖಾರದ ಡಬ್ಬಿ. ಭಾರವಾದದ್ದನ್ನು, ಗೋಡೆಗೆ ಜೋಡಿಸುವಂಥದನ್ನು ಕೊಳ್ಳುವ ಧೈರ್ಯ ಬಹಳ ಮನೆಗಳಿಗೆ ಬರಲಿಲ್ಲ. ಅದಕ್ಕೆ ಹಣವೊಂದೇ ಕಾರಣವಲ್ಲ. 2004ರ ಜೂನ್ 14ರಂದು, ಮಳೆಗಾಲದ ಬಾಗಿಲಿನಲ್ಲೇ, ಬಾಯ್ನಾ ಕಡಲತೀರದ ವಸತಿಗಳು ಬುಲ್ಡೋಜರಿಗೆ ನೆಲಸಮವಾದುದನ್ನು ಈ ಓಣಿಗಳು ಮರೆತಿಲ್ಲ. ಕೈಯಲ್ಲಿ ಹಿಡಿದು ಹೊರಡಬಹುದಾದ ಪಾತ್ರೆಯೇ ನಂಬಿಕೆಯ ಪಾತ್ರೆ ಎಂಬ ಎಣಿಕೆ ಅಂಥ ದಿನಗಳಿಂದ ಬಂದದ್ದು. ಹೀಗಾಗಿ ಇಲ್ಲಿ ಹೇಳುವ ಅಡುಗೆ ಒಂದು ಗ್ಯಾಸ್ ಒಲೆ, ಒಂದು ಹಂಚು, ಮುಚ್ಚಳವಿರುವ ಒಂದು ದಪ್ಪ ಬಾಣಲೆ ಇವುಗಳಿಂದಲೇ ಮುಗಿಯುವಂಥದು. ಒವನ್ ಇದ್ದವರಿಗೂ ದಾರಿ ಇದೆ. ಅದು ಎರಡನೆಯ ಮಾತು.

ಐದು ಜನರಿಗೆ ಬೇಕಾಗುವ ಸಾಮಗ್ರಿ

ಎಲುಬು ಸಹಿತ ಕೋಳಿ 750 ಗ್ರಾಂ, ಪಾಸ್ತಾ 250 ಗ್ರಾಂ, ಹಾಲು ಅರ್ಧ ಲೀಟರ್, ಮೈದಾ 4 ದೊಡ್ಡ ಚಮಚ, ಬೆಣ್ಣೆ 50 ಗ್ರಾಂ, ಅದಲ್ಲದೆ ಪಾಂವ್ ಹುರಿಯಲು ಒಂದು ಚಮಚ, ಈರುಳ್ಳಿ 2, ಟೊಮೆಟೊ 2, ಡೊಣ್ಣ ಮೆಣಸಿನಕಾಯಿ 1, ಬೆಳ್ಳುಳ್ಳಿ 8 ಎಸಳು, ಹಸಿಶುಂಠಿ ಒಂದು ಇಂಚು, ಚೀಸ್ 100 ಗ್ರಾಂ, ಅಂದರೆ 25 ಗ್ರಾಮಿನ ನಾಲ್ಕು ತುಂಡು, ಹಿಂದಿನ ದಿನದ ಪಾಂವ್ 2, ಕಾಳುಮೆಣಸಿನ ಪುಡಿ ಒಂದು ಚಮಚ, ಜಾಯಿಕಾಯಿ ತುರಿ ಒಂದು ಚಿಟಿಕೆ, ಅರಿಶಿನ, ಎಣ್ಣೆ, ಉಪ್ಪು. ಖಾರ ಬೇಕೆನ್ನುವ ಮನೆಯಲ್ಲಿ ಎರಡು ಹಸಿಮೆಣಸಿನಕಾಯಿ, ಇಲ್ಲವೇ ಅರ್ಧ ಚಮಚ ಬ್ಯಾಡಗಿ ಮೆಣಸಿನಪುಡಿ.

ಎಲುಬಿಲ್ಲದ ಕೋಳಿ ಬೇಡವೇ ಎಂದು ಕೇಳುವವರಿದ್ದಾರೆ. ಬೇಡ. ಅದಕ್ಕೆ ಬೆಲೆ ಹೆಚ್ಚು, ರುಚಿ ಕಡಿಮೆ. ಎಲುಬು ಬೆಂದ ನೀರೇ ಈ ಅಡುಗೆಯ ಜೀವ.

ಮೊದಲ ಹಂತ: ಕೋಳಿ ಮತ್ತು ಅದರ ನೀರು

ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವ ರೂಢಿ ಬಹುತೇಕ ಮನೆಗಳಲ್ಲಿದೆ. ನೀರು ಸಿಡಿದ ಕಡೆಗೆಲ್ಲ ಹಸಿ ಮಾಂಸದ ಸೂಕ್ಷ್ಮಜೀವಿಗಳೂ ಸಿಡಿಯುತ್ತವೆ. ಪಕ್ಕದಲ್ಲಿ ತೊಳೆದಿಟ್ಟ ಲೋಟ, ಹೆಚ್ಚಿಟ್ಟ ಕೊತ್ತಂಬರಿ ಎಲ್ಲಕ್ಕೂ ತಾಗುತ್ತವೆ. ಒಂದೇ ಕೋಣೆಯ ಮನೆಯಲ್ಲಿ ಇದು ಸಣ್ಣ ಮಾತಲ್ಲ. ತೊಳೆಯಲೇಬೇಕಿದ್ದರೆ ಅಗಲ ಪಾತ್ರೆಯಲ್ಲಿ ನೀರು, ಅರಿಶಿನ, ಉಪ್ಪು ಹಾಕಿ, ಕೋಳಿಯನ್ನು ಅದರಲ್ಲಿ ಮುಳುಗಿಸಿ, ಸಿಡಿಯದಂತೆ ನೀರು ಚೆಲ್ಲಬೇಕು. ಬಳಿಕ ಕೈ, ಚಾಕು, ಮಣೆಗಳನ್ನು ಸಾಬೂನು ಹಚ್ಚಿ ತೊಳೆಯಬೇಕು.

ಒಂದು ಲೀಟರ್ ನೀರಿಗೆ ಜಜ್ಜಿದ ಶುಂಠಿ, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಶಿನ, ಒಂದು ಚಮಚ ಉಪ್ಪು ಹಾಕಿ ಕೋಳಿಯನ್ನು ಬೇಯಿಸಬೇಕು. ಕುದಿ ಬಂದ ಮೇಲೆ ಉರಿ ತಗ್ಗಿಸಿ ಸುಮಾರು ಇಪ್ಪತ್ತೈದು ನಿಮಿಷ. ದೊಡ್ಡ ಉರಿಯಲ್ಲಿ ಕುದಿಸಿದರೆ ಮಾಂಸ ಬಿಗಿದು ನಾರಾಗುತ್ತದೆ. ಎಲುಬಿನ ಬಳಿ ಚುಚ್ಚಿದಾಗ ಕೆಂಪು ರಸ ಬರಬಾರದು. ಉಷ್ಣಮಾಪಕ ಇದ್ದವರಿಗೆ ಗುರುತು 74 ಡಿಗ್ರಿ ಸೆಲ್ಸಿಯಸ್. ಈ ಅಡುಗೆಯಲ್ಲಿ ಕೋಳಿ ಪೂರ್ತಿ ಬೇಯಬೇಕಾದುದು ಇಲ್ಲಿಯೇ. ಮುಂದಿನ ಕಾವು ಹೊಂದಿಸುವುದಕ್ಕೆ, ಬೇಯಿಸುವುದಕ್ಕಲ್ಲ. ಹಸಿ ಕೋಳಿಯನ್ನು ನೇರವಾಗಿ ಪಾಸ್ತಾದ ನಡುವೆ ಇಟ್ಟು ಹಂಚಿನ ಮೇಲೆ ಬೇಯಿಸಲು ಹೋಗಬಾರದು; ಮೇಲೆ ಬೆಂದಂತೆ ಕಂಡು ಒಳಗೆ ಹಸಿಯಾಗಿಯೇ ಉಳಿಯಬಹುದು.

ತಣಿದ ಕೋಳಿಯನ್ನು ಕೈಯಿಂದ ಎಳೆ ಎಳೆಯಾಗಿ ಬಿಡಿಸಿ, ಎಲುಬುಗಳನ್ನು ಒಂದೊಂದಾಗಿ ತೆಗೆಯಬೇಕು. ಚಿಕ್ಕ ಮಕ್ಕಳು ತಿನ್ನುವ ಊಟವಿದು. ಸಣ್ಣ ಎಲುಬಿನ ಚೂರು ಉಳಿಯದಂತೆ ಬೆರಳಿನಿಂದ ಎರಡು ಸಲ ನೋಡಬೇಕು. ಎಳೆಯಾಗಿ ಬಿಡಿಸುವುದರಲ್ಲಿ ಇನ್ನೊಂದು ಲಾಭವಿದೆ. ತುಂಡು ಕೋಳಿಯಾದರೆ ಯಾರಿಗೆ ಎಷ್ಟು ಎಂಬ ಲೆಕ್ಕ ತಟ್ಟೆಯಲ್ಲಿ ಕಾಣುತ್ತದೆ, ತಾಯಿಯ ಪಾಲಿಗೆ ಸಾರು ಮಾತ್ರ ಉಳಿಯುತ್ತದೆ. ಎಳೆಯಾದ ಕೋಳಿ ಎಲ್ಲರ ತುತ್ತಿಗೂ ಸಮನಾಗಿ ಬರುತ್ತದೆ.

ಎರಡನೆಯ ಹಂತ: ಪಾಸ್ತಾ ಬಸಿಯುವುದು

ಕೋಳಿ ಬೆಂದ ನೀರನ್ನು ಸೋಸಿ, ಒಂದು ಲೋಟ ಬೇರೆ ತೆಗೆದಿಟ್ಟು, ಉಳಿದುದಕ್ಕೆ ಇನ್ನೊಂದು ಲೀಟರಿಗಿಂತ ತುಸು ಹೆಚ್ಚು ನೀರು ಬೆರೆಸಿ ಕುದಿಸಬೇಕು. ಪಾಸ್ತಾ ಬೇಯುವುದು ಇದರಲ್ಲಿಯೇ. ಗ್ಯಾಸೂ ಉಳಿಯಿತು, ರುಚಿಯೂ ಏರಿತು. ಪೊಟ್ಟಣದ ಮೇಲೆ ಹತ್ತು ನಿಮಿಷ ಎಂದಿದ್ದರೆ ಏಳು ನಿಮಿಷಕ್ಕೆ ಬಸಿಯಬೇಕು. ಕಚ್ಚಿದಾಗ ನಡುವೆ ತುಸು ಗಟ್ಟಿ ಸಿಗಬೇಕು. ಇಟಲಿಯವರು ಈ ಹದವನ್ನು ಹಲ್ಲಿನ ಹೆಸರಿನಿಂದಲೇ ಕರೆಯುತ್ತಾರೆ. ಉಳಿದ ಮೂರು ನಿಮಿಷದ ಬೇಯುವಿಕೆ ಹಾಲಿನ ರಸದೊಳಗೆ ಆಗುತ್ತದೆ. ಆಗ ಪಾಸ್ತಾ ನೀರಿನ ಬದಲು ರಸವನ್ನು ಹೀರುತ್ತದೆ. ಮೊದಲೇ ಪೂರ್ತಿ ಬೆಂದರೆ ಹೀರಲು ಜಾಗವಿರುವುದಿಲ್ಲ. ರಸ ಬೇರೆ, ಪಾಸ್ತಾ ಬೇರೆಯಾಗಿ ನಿಲ್ಲುತ್ತದೆ.

ಬಸಿದ ನೀರನ್ನು ಚೆಲ್ಲಬಾರದು. ಕೋಳಿಯ ಸತ್ವ, ಗೋಧಿಯ ಗಂಜಿ ಎರಡೂ ಅದರಲ್ಲಿವೆ. ಜಜ್ಜಿದ ಬೆಳ್ಳುಳ್ಳಿ, ಮೆಣಸು, ಜೀರಿಗೆಯ ಒಗ್ಗರಣೆ ಬಿದ್ದರೆ ಮಳೆಯ ಸಂಜೆಗೆ ಒಳ್ಳೆಯ ಸಾರು. ಊಟ ತಯಾರಾಗುವವರೆಗೆ ಹಸಿದ ಮಕ್ಕಳನ್ನು ಹಿಡಿದಿಡುವುದಕ್ಕೂ ಅದು ನೆರವಾಗುತ್ತದೆ.

ಮೂರನೆಯ ಹಂತ: ಬಿಳಿ ರಸ

ಹೆಚ್ಚಿನವರು ಸೋಲುವುದು ಇಲ್ಲಿ. ಆದರೆ ಅಂಬಲಿ ಕಾಸಿದವರು ಸೋಲಬೇಕಿಲ್ಲ. ಹಿಟ್ಟನ್ನು ಕುದಿಯುವ ನೀರಿಗೆ ನೇರವಾಗಿ ಸುರಿದರೆ ಗಂಟಾಗುತ್ತದೆ ಎಂಬುದು ಅಂಬಲಿ ಕಲಿಸಿದ ಪಾಠ. ಅಲ್ಲಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಬಿಡಿಸುತ್ತಾರೆ. ಇಲ್ಲಿ ಬೆಣ್ಣೆಯಲ್ಲಿ ಹುರಿದು ಬಿಡಿಸುತ್ತಾರೆ. ಹಿಟ್ಟಿನ ಕಣಕಣಕ್ಕೂ ಜಿಡ್ಡು ಅಂಟಿದರೆ ಕಣಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ.

ಸಣ್ಣ ಉರಿಯಲ್ಲಿ 50 ಗ್ರಾಂ ಬೆಣ್ಣೆ ಕರಗಿಸಿ, 4 ಚಮಚ ಮೈದಾ ಹಾಕಿ, ಎರಡು ನಿಮಿಷ ಕೈಬಿಡದೆ ಹುರಿಯಬೇಕು. ಹಸಿ ಹಿಟ್ಟಿನ ವಾಸನೆ ಹೋಗಬೇಕು, ಬಣ್ಣ ಮಾತ್ರ ಕೆಂಪಾಗಬಾರದು. ಪಾತ್ರೆಯನ್ನು ಒಲೆಯಿಂದ ಇಳಿಸಿ, ಕಾಯಿಸಿ ಆರಿಸಿದ ಹಾಲನ್ನು ಮೊದಲು ಕಾಲು ಲೋಟದಷ್ಟು ಹಾಕಿ ತಿರುವಬೇಕು. ಮುದ್ದೆಯಂತಾಗುತ್ತದೆ, ಗಾಬರಿ ಬೇಡ. ಇನ್ನಷ್ಟು ಹಾಲು, ಮತ್ತೆ ತಿರುವುವುದು. ಹೀಗೆ ನಾಲ್ಕೈದು ಸಲಕ್ಕೆ ಹಾಲೆಲ್ಲ ಸೇರಿದ ಮೇಲೆ ತೆಗೆದಿಟ್ಟ ಕೋಳಿಯ ನೀರು ಬೆರೆಸಿ ಮತ್ತೆ ಒಲೆಗೆ ಏರಿಸಬೇಕು. ಕುದಿಯ ಹತ್ತಿರ ಬಂದಾಗಲೇ ಹಿಟ್ಟಿನ ಗಂಜಿ ಅರಳಿ ರಸ ದಪ್ಪವಾಗುವುದು. ಅದಕ್ಕೂ ಮೊದಲೇ ತೆಳ್ಳಗಿದೆಯೆಂದು ಇನ್ನಷ್ಟು ಮೈದಾ ಸುರಿಯಬಾರದು. ಸೌಟಿನ ಬೆನ್ನಿಗೆ ರಸ ಅಂಟಿ, ಬೆರಳಿನಿಂದ ಎಳೆದ ಗೆರೆ ಹಾಗೆಯೇ ನಿಂತರೆ ಹದ ಬಂದಿತು. ಗಂಟಾದರೆ ಸಾರಿನ ಜಾಲರಿಯಲ್ಲಿ ಸೋಸಿದರೆ ತೀರಿತು. ಈಗ ಮೆಣಸಿನ ಪುಡಿ, ಜಾಯಿಕಾಯಿ, ಉಪ್ಪು. ಒಲೆ ಆರಿಸಿದ ಬಳಿಕವೇ ಚೀಸಿನ ಮುಕ್ಕಾಲು ಪಾಲು ತುರಿದು ಹಾಕಬೇಕು. ಕುದಿಯುವ ರಸಕ್ಕೆ ಬಿದ್ದ ಚೀಸ್ ಎಣ್ಣೆ ಬಿಟ್ಟು ನಾರಾಗುತ್ತದೆ. ಚೀಸಿನಲ್ಲಿಯೂ ಉಪ್ಪಿದೆ ಎಂಬುದು ನೆನಪಿರಲಿ.

ಇನ್ನೊಂದು ಒಲೆಯಲ್ಲಿ ಎರಡು ಚಮಚ ಎಣ್ಣೆಗೆ ಈರುಳ್ಳಿ, ಉಳಿದ ಬೆಳ್ಳುಳ್ಳಿ, ಡೊಣ್ಣ ಮೆಣಸಿನಕಾಯಿ ಹುರಿದು, ಟೊಮೆಟೊ ಹಾಕಿ, ನೀರಿನ ಪಸೆ ಆರಿ ಎಣ್ಣೆ ಬಿಡುವವರೆಗೆ ಬಾಡಿಸಬೇಕು. ಟೊಮೆಟೊದ ಹುಳಿ ಹಾಲನ್ನು ಒಡೆಯುವ ಗುಣದ್ದು. ಹಸಿ ಟೊಮೆಟೊವನ್ನು ತೆಳು ಹಾಲಿಗೆ ಹಾಕಿದರೆ ಒಡೆಯುತ್ತದೆ. ಚೆನ್ನಾಗಿ ಬಾಡಿಸಿದ್ದನ್ನು ಹಿಟ್ಟು ಸೇರಿ ದಪ್ಪವಾದ ರಸಕ್ಕೆ ಬೆರೆಸಿದರೆ ಒಡೆಯುವ ಭಯ ಬಹಳ ಕಡಿಮೆ. ಕೋಳಿ, ಪಾಸ್ತಾ, ಬಾಡಿಸಿದ ತರಕಾರಿ, ಬಿಳಿ ರಸ ಎಲ್ಲವನ್ನೂ ಹಗುರ ಕೈಯಿಂದ ಕಲಸಬೇಕು. ಈ ಹೊತ್ತಿಗೆ ಕಲಸಿದ್ದು ತುಸು ನೀರಾಗಿ ಕಂಡರೆ ಅದೇ ಸರಿಯಾದ ಹದ. ಈಗಲೇ ಗಟ್ಟಿಯಾಗಿದ್ದರೆ ಕೊನೆಗೆ ಒಣಗಿ ಹೋಗುತ್ತದೆ. ಹಾಗಿದ್ದಲ್ಲಿ ಅರ್ಧ ಲೋಟ ಬಸಿದ ನೀರು ಸೇರಿಸಬಹುದು.

ನಾಲ್ಕನೆಯ ಹಂತ: ಹೊಂಬಣ್ಣದ ಪದರ

ಒವನ್ ಮಾಡುವ ಕೆಲಸಗಳು ಎರಡು: ಎಲ್ಲ ಕಡೆಯಿಂದ ಕಾವು ಕೊಟ್ಟು ಹೊಂದಿಸುವುದು, ಮೇಲ್ಭಾಗವನ್ನು ಕೆಂಪಗೆ ಗರಿಗರಿ ಮಾಡುವುದು. ಮೊದಲನೆಯದು ಹಂಚಿನಿಂದಲೂ ಆಗುತ್ತದೆ. ಎರಡನೆಯದಕ್ಕೆ ಪೊದೆರನ ಪಾಂವ್ ನೆರವಿಗೆ ಬರುತ್ತದೆ.

ಹಿಂದಿನ ದಿನದ ಎರಡು ಪಾಂವ್‌ಗಳನ್ನು ಕೈಯಿಂದ ಪುಡಿ ಮಾಡಿ, ಒಂದು ಚಮಚ ಬೆಣ್ಣೆಯಲ್ಲಿ, ಸಣ್ಣ ಉರಿಯಲ್ಲಿ, ಹೊಂಬಣ್ಣ ಬರುವವರೆಗೆ ಹುರಿದಿಡಬೇಕು. ಒಂದು ಎಸಳು ಬೆಳ್ಳುಳ್ಳಿ ತುರಿದು ಹಾಕಿದರೆ ಓಣಿಗೆಲ್ಲ ಪರಿಮಳ. ದಪ್ಪ ತಳದ ಬಾಣಲೆಗೆ ಬೆಣ್ಣೆ ಸವರಿ, ಕಲಸಿದ್ದನ್ನು ಹರಡಿ, ಉಳಿದ ಚೀಸ್ ತುರಿಯನ್ನು ಮೇಲೆ ಉದುರಿಸಿ ಬಿಗಿಯಾಗಿ ಮುಚ್ಚಬೇಕು. ಒಲೆಯ ಮೇಲೆ ರೊಟ್ಟಿಯ ಹಂಚು ಕಾಯಲು ಬಿಟ್ಟು, ಐದು ನಿಮಿಷದ ಮೇಲೆ ಬಾಣಲೆಯನ್ನು ಅದರ ಮೇಲಿಟ್ಟು, ಉರಿಯನ್ನು ಪೂರ್ತಿ ತಗ್ಗಿಸಿ ಇಪ್ಪತ್ತು ನಿಮಿಷ ಬಿಡಬೇಕು. ಹಂಚು ನಡುವೆ ಇರುವುದರಿಂದ ಉರಿ ಒಂದೇ ಕಡೆ ತಾಗಿ ಹೊತ್ತುವುದಿಲ್ಲ. ಮುಚ್ಚಳ ತೆಗೆದಾಗ ಅಂಚಿನಲ್ಲಿ ರಸ ಗುಳ್ಳೆಗುಳ್ಳೆಯಾಗಿ ಕುದಿಯುತ್ತಿರಬೇಕು, ಚೀಸ್ ಕರಗಿರಬೇಕು. ಆಗ ಹುರಿದ ಪಾಂವ್ ಪುಡಿಯನ್ನು ಒಂದೇ ಸಮನೆ ಹರಡಿ, ಒಲೆ ಆರಿಸಿ, ಮುಚ್ಚಳವಿಲ್ಲದೆ ಹತ್ತು ನಿಮಿಷ ಬಿಡಬೇಕು. ಮುಚ್ಚಿದರೆ ಆವಿಯ ಹನಿ ಬಿದ್ದು ಗರಿ ಹೋಗುತ್ತದೆ. ಬಿಸಿಯಲ್ಲೇ ಕೊರೆದರೆ ರಸ ಹರಿಯುತ್ತದೆ. ಹತ್ತು ನಿಮಿಷ ತಾಳಿದರೆ ತುಂಡು ತುಂಡಾಗಿ ಏಳುತ್ತದೆ.

ಬೆಬಿಂಕಾದ ಹಾದಿಯಲ್ಲಿ ಮುಚ್ಚಳದ ಮೇಲೆ ಕೆಂಡ ಇಡಬೇಕೆನ್ನುವವರು ಅದನ್ನು ಬಯಲಿನಲ್ಲಿ ಮಾತ್ರ ಮಾಡಬೇಕು. ಮಳೆಯೆಂದು ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆ ಹೋಗಬಹುದು. ಊಟದ ಬಣ್ಣಕ್ಕಾಗಿ ಆ ಅಪಾಯ ಬೇಡ.

ಒವನ್ ಇದ್ದವರು 180 ಡಿಗ್ರಿಯಲ್ಲಿ ಹತ್ತು ನಿಮಿಷ ಮುಂಚಿತವಾಗಿ ಕಾಯಿಸಿ, ಪಾಂವ್ ಪುಡಿಯನ್ನು ಹುರಿಯದೆ, ಬೆಣ್ಣೆಯಲ್ಲಿ ಕಲಸಿ ಮೇಲೆ ಹರಡಿ, ಇಪ್ಪತ್ತೈದು ನಿಮಿಷ ಸುಡಬೇಕು. 1500 ವಾಟಿನ ಒವನ್ ಮೂವತ್ತೈದು ನಿಮಿಷ ಉರಿದರೂ ಖರ್ಚಾಗುವುದು ಒಂದು ಯೂನಿಟ್‌ಗಿಂತ ಕಡಿಮೆ ವಿದ್ಯುತ್. ಓಣಿಯ ಭಟ್ಟಿಯವರ ಪರಿಚಯವಿದ್ದರೆ ರೊಟ್ಟಿ ತೆಗೆದ ಬಳಿಕ ಉಳಿಯುವ ಕಾವಿನಲ್ಲಿ ಪಾತ್ರೆ ಇಡಲು ಕೇಳಿ ನೋಡಬಹುದು; ಭಟ್ಟಿಯ ಗೋಡೆ ಬಹಳ ಹೊತ್ತು ಬಿಸಿ ಹಿಡಿದಿರುತ್ತದೆ.

ಮನೆ ಮನೆಗೆ ತಕ್ಕಂತೆ

ಶ್ರಾವಣ ಹಿಡಿಯುವ ಮನೆಗಳಲ್ಲಿ ಕೋಳಿಯ ಬದಲು ನೆನೆಸಿ ಬೇಯಿಸಿದ ಕಡಲೆ ಇಲ್ಲವೇ ಪನೀರ್ ಬಳಸಬಹುದು; ಕಡಲೆ ಬೆಂದ ನೀರು ಕೋಳಿಯ ನೀರಿನ ಜಾಗಕ್ಕೆ ಬರುತ್ತದೆ. ಅಣಬೆಯಾದರೆ ಮೊದಲು ಹುರಿದು ನೀರಿನ ಪಸೆ ಆರಿಸಬೇಕು. ಹಿಂದಿನ ದಿನದ ಚಿಕನ್ ಕಾಫ್ರಿಯಲ್ ಉಳಿದಿದ್ದರೆ ಅದನ್ನೇ ಬಿಡಿಸಿ ಹಾಕಿದರೆ ಕೊತ್ತಂಬರಿ, ಹಸಿಮೆಣಸಿನಕಾಯಿಯ ಹಸಿರು ಪರಿಮಳ ಪಾಸ್ತಾಕ್ಕೆ ಏರುತ್ತದೆ. ಆಗ ಟೊಮೆಟೊ ಬೇಡ. ಹಾಲು ಒಗ್ಗದವರಿಗೆ ಈ ಅಡುಗೆ ತಕ್ಕದ್ದಲ್ಲ. ಅವರಿಗೆ ಟೊಮೆಟೊ ರಸವೊಂದರಲ್ಲೇ ಪಾಸ್ತಾ ಮಾಡಿಕೊಡುವುದು ಲೇಸು. ಪಾಸ್ತಾ ಸಿಗದ ದಿನ ಮನೆಯ ಡಬ್ಬಿಯಲ್ಲಿರುವ ದಪ್ಪ ಶಾವಿಗೆಯನ್ನು ತುಸು ಹುರಿದು, ಎರಡೇ ನಿಮಿಷ ಕುದಿಸಿ ಬಸಿದು ಬಳಸಿದರೂ ನಡೆಯುತ್ತದೆ. ಅದು ಕೆಳದರ್ಜೆಯ ಬದಲಿಯೆಂದು ತಿಳಿಯಬೇಕಿಲ್ಲ. ಸದಕದ ಶಾವಿಗೆಗೆ ತನ್ನದೇ ಆದ ಗೋಧಿಯ ಘಮವಿದೆ.

ಪೌಷ್ಟಿಕತೆಯ ಲೆಕ್ಕವನ್ನೂ ಗಮನಿಸಬಹುದು. ಎಲುಬು ಕಳೆದ ಕೋಳಿ, ಹಾಲು, ಚೀಸ್ ಮೂರೂ ಸೇರಿ ಒಬ್ಬೊಬ್ಬರ ಪಾಲಿಗೆ ಇಪ್ಪತ್ತು ಗ್ರಾಮಿನಷ್ಟು ಪ್ರೋಟೀನ್ ಬರುತ್ತದೆ. ಮೀನಿಲ್ಲದ ತಿಂಗಳಲ್ಲಿ ಬೆಳೆಯುವ ಮಗುವಿಗೆ ಇದು ಸಣ್ಣ ಪ್ರಮಾಣವಲ್ಲ. ಆದರೆ ಬೆಣ್ಣೆ, ಚೀಸ್, ಮೈದಾ ಇರುವುದರಿಂದ ದಿನನಿತ್ಯದ ಊಟವಲ್ಲ. ತಿಂಗಳಿಗೆ ಒಂದೆರಡು ಸಲ ಸಾಕು. ಜೊತೆಗೆ ಸೌತೆಕಾಯಿಯ ಕೋಸಂಬರಿ, ಇಲ್ಲವೇ ಮೊಳಕೆಕಾಳು ಇದ್ದರೆ ಊಟ ಪೂರ್ಣವಾಗುತ್ತದೆ.

ಉಳಿದದ್ದರ ವಿಷಯದಲ್ಲಿ ಎಚ್ಚರ ಬೇಕು. ಹಾಲು, ಕೋಳಿ ಎರಡೂ ಬೇಗ ಕೆಡುವ ಪದಾರ್ಥಗಳು; ಬಾಯ್ನಾದ ಸೆಕೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದು. ಫ್ರಿಜ್ ಇಲ್ಲದ ಮನೆಯಲ್ಲಿ ಅಂದಿಗೆ ಬೇಕಾದಷ್ಟೇ ಮಾಡುವುದು ಸರಿ. ಎಲ್ಲ ಅಳತೆಯನ್ನೂ ಅರ್ಧಕ್ಕೆ ಇಳಿಸಿದರೆ ಇಬ್ಬರಿಂದ ಮೂವರಿಗೆ ಆಗುತ್ತದೆ. ಫ್ರಿಜ್‌ನಲ್ಲಿ ಇಟ್ಟದ್ದನ್ನು ಮರುದಿನ ಎರಡು ಚಮಚ ಹಾಲು ಚಿಮುಕಿಸಿ, ಹೊಗೆಯಾಡುವಷ್ಟು ಬಿಸಿ ಮಾಡಿ ತಿನ್ನಬೇಕು. ಬೆಳಗ್ಗೆ ಕಟ್ಟಿ ಮಧ್ಯಾಹ್ನ ತೆರೆಯುವ ಶಾಲೆಯ ಡಬ್ಬಿಗೆ ಇದು ಸಲ್ಲದು. ಡಬ್ಬಿಗೆ ರೊಟ್ಟಿ–ಪಲ್ಯವೇ ಕ್ಷೇಮ.

ಮಕ್ಕಳ ಪಾಲಿನ ಕೆಲಸ

ಈ ಅಡುಗೆಯಲ್ಲಿ ಮಕ್ಕಳ ಕೈಗೆ ಕೊಡಬಹುದಾದ ಕೆಲಸಗಳು ಹಲವಿವೆ. ಪಾಂವ್ ಪುಡಿ ಮಾಡುವುದು, ಚೀಸ್ ತುರಿಯುವುದು, ಗಡಿಯಾರ ನೋಡಿ ಏಳು ನಿಮಿಷಕ್ಕೆ ಕೂಗುವುದು. ಐದು ಜನರ ಅಳತೆಯನ್ನು ಎಂಟು ಜನರಿಗೆ ಏರಿಸುವ ಲೆಕ್ಕ ಐದನೆಯ ತರಗತಿಯ ಹುಡುಗಿಗೆ ಪಾಟಿಯ ಮೇಲಿನ ಲೆಕ್ಕಕ್ಕಿಂತ ಬೇಗ ಹತ್ತುತ್ತದೆ. 250ನ್ನು ಐದರಿಂದ ಭಾಗಿಸಿ ಎಂಟರಿಂದ ಗುಣಿಸಿದರೆ 400 ಎಂಬ ಉತ್ತರವನ್ನು ಕೂಡಲೇ ತಕ್ಕಡಿಯಲ್ಲಿ ನೋಡಬಹುದು.

ಮಾತಿನ ಲಾಭವೂ ಇದೆ. ಓಣಿಯಲ್ಲಿ ಕೊಂಕಣಿ, ಪೇಟೆಯಲ್ಲಿ ಹಿಂದಿ, ಮೊಬೈಲಿನಲ್ಲಿ ಇಂಗ್ಲಿಷ್ ಕೇಳುವ ಮಗುವಿಗೆ ಕನ್ನಡ ಉಳಿಯುವುದು ಪಠ್ಯಪುಸ್ತಕದಲ್ಲಿ ಮತ್ತು ಅಡುಗೆಮನೆಯಲ್ಲಿ. ಬಸಿ, ತಿರುವು, ಬಾಡಿಸು, ಸೋಸು, ಜಜ್ಜು, ಉದುರಿಸು, ಸವರು: ಇವೆಲ್ಲ ಕೈ ಕೆಲಸ ಮಾಡುತ್ತಿರುವಾಗಲೇ ಕಿವಿಗೆ ಇಳಿಯುವ ಮಾತುಗಳು. ಪಾಸ್ತಾ ಎಂಬ ಹೆಸರು ಹೊರಗಿನಿಂದ ಬಂದರೂ ಅದನ್ನು ಮಾಡುವ ಕ್ರಿಯಾಪದಗಳೆಲ್ಲ ಅವ್ವನ ಮಾತಿನಲ್ಲಿ ಮೊದಲೇ ಇವೆ. ಮಗು ಈ ವಿಧಾನವನ್ನು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಸಲ ಪೊಟ್ಟಣದ ಬೆನ್ನನ್ನು ಯಾರೂ ಓದಬೇಕಿಲ್ಲ.

ಕೊನೆಯದಾಗಿ ಒಂದು ಸಣ್ಣ ಸೂಚನೆ. ಬಾಣಲೆಯ ಅಂಚಿಗೆ ಹತ್ತಿ ಕೆಂಪಗಾದ ಭಾಗವೇ ಎಲ್ಲಕ್ಕಿಂತ ರುಚಿ. ಮಕ್ಕಳ ಜಗಳ ಹುಟ್ಟುವುದೂ ಅದಕ್ಕಾಗಿಯೇ. ಅದನ್ನು ಕೆರೆದು ಸಮನಾಗಿ ಹಂಚಿದ ಮೇಲೆ ಪಾತ್ರೆಗೆ ಬಿಸಿನೀರು ಹಾಕಿ ನೆನೆಯಲು ಬಿಟ್ಟರೆ, ಬೆಳಗ್ಗೆ ತಿಕ್ಕುವವರ ಕೈಗೆ ಕಷ್ಟವಾಗುವುದಿಲ್ಲ.